ಸೋಲೊಪ್ಪದೆ ಹೋದವನು

ತಿಥಿ ಮುಗಿದ ಮರುದಿನ ಬೆಳಿಗ್ಗೆ ಗುತ್ತಲಿನ ಆ ಮನೆಯಲ್ಲಿ ಎಂದಿನಂತೆ ಒಲೆ ಹೊತ್ತಿತು. ನೆಂಟರು ಹೊರಟುಹೋಗಿದ್ದರು.

ಜಯಲಕ್ಷ್ಮಿ ಹಿತ್ತಿಲ ಬಾಗಿಲು ತೆರೆದಳು. ಹೊಸ್ತಿಲಿನಾಚೆಗೇ ಭತ್ತದ ಗದ್ದೆ, ನಿಂತ ನೀರು, ಸೊಳ್ಳೆ.

ಗುದ್ದಲಿ ತಂದು ಬದು ಒಡೆಯತೊಡಗಿದಳು.

"ಏನವ್ವ ಮಾಡ್ತಿದ್ದೀಯೆ? ತೆನೆ ಕಟ್ಟೋ ಒತ್ತಲ್ಲಿ ಒಣಗೋಯ್ತದೆ," ಅತ್ತೆ ದೊಡ್ಡತಾಯಮ್ಮ ಓಡಿಬಂದರು.

"ಒಣಗಲಿ. ನಿಮ್ಮ ಮಗನನ್ನು ತಿಂದ ನೀರು ಇದು."

"ನಿಂಗೋಸ್ಕರ ತಾನೆ ಅವ ತಂದಿದ್ದು? ಮೈಸೂರೋಳು ಮುದ್ದೆ ನುಂಗಕಿಲ್ಲ, ಅನ್ನ ಉಣ್ಲಿ ಅಂತ."

ಅದು ನಿಜ. ನಾಲೆ ಬಂದ ಮೇಲೆ ರಾಗಿಯ ಊರಿನಲ್ಲಿ ಎಲ್ಲರಿಗೂ ಮನೆಬಾಗಿಲಲ್ಲೇ ಗದ್ದೆ ಬೇಕಾಗಿತ್ತು. ಮೇಷ್ಟರಾಗಿದ್ದ ಅವಳ ಗಂಡ ರೇವಣ್ಣ ಮದುವೆಯಾದ ವರ್ಷವೇ ಹಿತ್ತಿಲವರೆಗೆ ಕಾಲುವೆ ತೋಡಿದ್ದ. ಚಳಿಜ್ವರವೂ ಅದೇ ದಾರಿಯಲ್ಲಿ ಬಂತು. ಅದಕ್ಕಿದ್ದ ಒಂದೇ ಔಷಧಿ ಕ್ವಿನೈನು ಯುದ್ಧದ ಸಿಪಾಯಿಗಳಿಗೆ ಹೋಗಿತ್ತು.

ಅವನ ದಿಂಬಿನ ಪಕ್ಕ ಇಂಗ್ಲಿಷ್ ಕಾದಂಬರಿಯೊಂದು ಉಳಿದಿತ್ತು. ಗೆಳೆಯ ದಸ್ತಗೀರನಿಂದ ತಂದದ್ದು. ನಿಧಿ ಹುಡುಕಿಕೊಂಡು ದ್ವೀಪಕ್ಕೆ ಹೋದವರ ಕತೆ. ಗಂಡ ಹೆಂಡತಿ ಇಬ್ಬರೂ ಸೇರಿ ಓದಿದ್ದರು, ಜಗಳವಾಡಿದ್ದರು.

"ಇದರಲ್ಲಿ ಕೊಲ್ಲೋದು ಕಳ್ಳರಲ್ಲ, ಆ ಕಳ್ಳರು ಡೇರೆ ಹಾಕಿದ ಜೌಗು, ಅದರ ಜ್ವರ. ಜಾಗವೇ ಕತೆ ನಡೆಸುತ್ತೆ," ಎಂದಿದ್ದಳು.

"ಜಾಗ ಅನ್ನೋದು ನಾಟಕದ ಪರದೆ ಕಣೇ. ಕುಣಿಯೋರು ಮನುಷ್ಯರು."

"ಹಾಗಾದರೆ ನಮ್ಮ ಹಿತ್ತಿಲು? ಗದ್ದೆ ಮುಚ್ಚಿ, ಇಲ್ಲವೇ ಮನೆ ಬಿಡಿ."

ಅವನು ನಕ್ಕು ಪುಟ ತಿರುವಿದ್ದ.

ಗೆದ್ದವಳು ನಾನು. ಯಾರಿಗೆ ಹೇಳಲಿ? ಸೋಲೊಪ್ಪಬೇಕಾದವರೇ ಎದ್ದು ಹೋದರಲ್ಲ...

ಪುಸ್ತಕವನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಆದರೆ ಅದು ಬೇರೆಯವರ ಸೊತ್ತು. ಎತ್ತಿಕೊಂಡು ಹೊರಟಳು.

"ತಿಥಿ ಮಾರನೇ ದಿನ್ವೇ ಪ್ಯಾಟೆಗೋಯ್ತೀಯಾ? ಜನ ಏನಂದಾರು?"

"ಜನಕ್ಕೂ ಜ್ವರ ಬರುತ್ತೆ ಅತ್ತೆ. ಆಗ ಅನ್ನೋದು ನಿಲ್ಲಿಸ್ತಾರೆ."

ಪೇಟೆಯ ಸೈಕಲ್ ಅಂಗಡಿಯಲ್ಲಿ ದಸ್ತಗೀರ್ ಕೈ ಒರೆಸಿಕೊಂಡು ಎದ್ದು ನಿಂತ. ರೇವಣ್ಣನೂ ಅವನೂ ಕಾಲೇಜಿನಲ್ಲಿ ಒಂದೇ ಬೆಂಚಿನವರು.

"ನಿಮ್ಮ ಗೆಳೆಯರು ಇದನ್ನು ಓದಿದರು, ಅರ್ಥ ಮಾಡಿಕೊಳ್ಳಲಿಲ್ಲ," ಎಂದಳು.

"ಮಾಡ್ಕಂಡಿದ್ದ ಅಕ್ಕಾ." ಅವನು ತಲೆ ಎತ್ತಲಿಲ್ಲ. "ಪೂರಿಗಾಲಿ ಸ್ಕೂಲಿಗೆ ವರ್ಗ ಕೇಳಿದ್ದ. ಅಲ್ಲಿ ದಿಣ್ಣೆ ಮೇಲೊಂದು ಮನೆ ನೋಡ್ಕಂಡು ಬಂದ್ವಿ. ಸುತ್ತ ಒಂದು ಗದ್ದೆ ಇಲ್ಲ. ಸಂಕ್ರಾಂತಿಗೆ ಓಗೋದು ಅಂತಿದ್ದ."

"ನನಗೆ ಹೇಳಲಿಲ್ಲ."

"ಏಳಿದ್ರೆ ಸೋತಂಗಾಯ್ತದಲ್ಲ. 'ಆ ಮನೆ ಬಾಗ್ಲಲ್ಲಿ ನಿಲ್ಲಿಸಿ ಏಳ್ತೀನಿ ಕಣ್ಲಾ, ಅವಳು ಗೆದ್ದ ಮುಖ ನೋಡ್ಬೇಕು' ಅಂದ."

ಇಷ್ಟು ದಿನ ಬಾರದಿದ್ದ ಅಳು ಈಗ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ.

"ಒಂದು ಮಾತು... ಒಂದೇ ಮಾತು ಹೇಳಿದ್ದರೆ ನಾನು ಅವತ್ತೇ ಗಂಟು ಕಟ್ಟುತ್ತಿದ್ದೆ."

"ಅವನ ಬದ್ಲು ನನ್ನ ಬಯ್ರಕ್ಕಾ. ನಾನಾದ್ರೂ ಏಳ್ಬೇಕಿತ್ತು."

"ನಿಮ್ಮನ್ನು ಯಾಕೆ ಬೈಯಲಿ?" ಕಾದಂಬರಿಯನ್ನು ಅವನ ಕೈಗಿತ್ತಳು. "ಬೈಯೋದಾದರೆ ಅವರನ್ನೇ. ನಾನು ಬದುಕಿರೋವಷ್ಟು ದಿನ."

"ಬಯ್ರಿ," ಎಂದ ದಸ್ತಗೀರ್. "ಅವನಿಗೆ ಬೇಕಿದ್ದುದೂ ಅದೇಯ, ನಿಮ್ಮ ಕೂಡೆ ಜಗಳ."