ನಲ್ಲಿ ಕೊಟ್ಟಿದ್ದೆಷ್ಟು?

ಹಾಡು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಡೈರಿಯ ಜಗಲಿಯ ಮೇಲೆ, ಸ್ಪೀಕರ್ ಬಾಕ್ಸ್ ಪಕ್ಕದಲ್ಲಿ ಕುಮಾರ್ ನಿಂತಿದ್ದ. ಎದುರಿಗೆ ಹಾಲಿನ ಕ್ಯಾನ್ ಹಿಡಿದವರ ಕ್ಯೂ. ಅದರಲ್ಲಿ ಅವನ ತಂಗಿ ಆಶಾರಾಣಿಯೂ ಇದ್ದಳು. ಐದನೇ ಕ್ಲಾಸು. ಚಪ್ಪಾಳೆ ತಟ್ಟಲೆಂದು ಅವಳು ಕ್ಯಾನನ್ನು ಮೊದಲೇ ಕೆಳಗಿಟ್ಟಿದ್ದಳು. ಈಗ ಸುಮ್ಮನೆ ಎತ್ತಿಕೊಂಡಳು.

ಕುಮಾರ್ ಹಾಸನದ ಐಟಿಐನಲ್ಲಿ ಓದುತ್ತಿದ್ದ. ಅಲ್ಲಿನ ಗೆಳೆಯರ ಜೊತೆ ಸೇರಿ ಒಂದು ರ್‍ಯಾಪ್ ಹಾಡು ರೆಕಾರ್ಡ್ ಮಾಡಿಸಿದ್ದ. ಸಿ.ಡಿ.ಯಲ್ಲಿ ಇದ್ದದ್ದು ಅದೊಂದೇ. ಇದಕ್ಕೆ ‘ಸಿಂಗಲ್’ ಅನ್ನುತ್ತಾರೆ ಎಂದು ಅವನು ಮನೆಯಲ್ಲಿ ಹೇಳಿದಾಗ ಅಜ್ಜಿ ಬೆಟ್ಟಮ್ಮ, ಅಷ್ಟಗಲ ತಟ್ಟೆಗೆ ಒಂದೇ ಇಡ್ಲಿಯಾ ಎಂದು ಕೇಳಿದ್ದಳು.

ಮೊದಲು ಊರಿನಲ್ಲಿ ಬಿಡುಗಡೆ, ಆಮೇಲೆ ಹಾಸನದ ಕೇಬಲ್ ಚಾನೆಲ್‌ಗೆ ಎಂದು ಅವನು ಲೆಕ್ಕ ಹಾಕಿದ್ದ. ದುದ್ದದ ದಾರಿಯಲ್ಲಿದ್ದ ಆ ಹಳ್ಳಿಯಲ್ಲಿ ಸಂಜೆ ಎಲ್ಲರೂ ಸಿಗುವ ಜಾಗ ಡೈರಿಯೇ.

ಹಾಡೂ ಹಾಲಿನ ಬಗ್ಗೆಯೇ ಇತ್ತು. ಹಸು, ಹುಲ್ಲು, ಹಿಂಡಿ, ಕ್ಯೂ ಎಲ್ಲ ಕುಮಾರ್ ಬರೆದದ್ದು. ಮತ್ತೆ ಮತ್ತೆ ಬರುವ ಸಾಲು ಮಾತ್ರ ಆಶಾಳದು.

ಹಸ ಕೊಟ್ಟಿದ್ದೆಷ್ಟು? ನಲ್ಲಿ ಕೊಟ್ಟಿದ್ದೆಷ್ಟು?

ಅದು ಅವಳಿಗೆ ಮನೆಯಲ್ಲೇ ಸಿಕ್ಕಿದ ಸಾಲು. ದಿನಾ ಹಾಲನ್ನು ಕ್ಯಾನಿಗೆ ಬಗ್ಗಿಸಿದ ಮೇಲೆ ಅಜ್ಜಿ ಚೊಂಬಿಗೆ ನಲ್ಲಿ ನೀರು ಬಿಟ್ಟು, ಕುಲುಕಿ, ಅದನ್ನೂ ಕ್ಯಾನಿಗೇ ಸುರಿಯುತ್ತಿದ್ದಳು. ಚೊಂಬಿಗೆ ಅಂಟಿದ ಹಾಲು ವೇಸ್ಟ್ ಆಗಬಾರದಲ್ಲ. ಪಕ್ಕದ ಮನೆಯಲ್ಲೂ ಹಾಗೆಯೇ, ಎದುರು ಮನೆಯಲ್ಲೂ ಹಾಗೆಯೇ. ಆಶಾಗೆ ಅದು ತಮಾಷೆ ಎನಿಸಿತ್ತು.

ಈಗ ಯಾರೂ ನಗುತ್ತಿರಲಿಲ್ಲ. ಕ್ಯೂನ ಮುಂದಿದ್ದ ಚೆನ್ನಯ್ಯ ಕೇಳಿದ, “ಯಾರ್ಗ್ಲಾ ಏಳ್ತಿರಾದು ಕುಮಾರ? ನಂಗಾ?”

“ಯಾರ್ಗೂ ಅಲ್ಲ ಕಣ್ ಮಾವ. ಆಡು ಅಷ್ಟೇ.”

“ನಮ್ಮನೆ ನಲ್ಲೀಲಿ ನೀರೇ ಬತ್ತಿಲ್ಲ. ತಿಳ್ಕೊ.”

ಅವನ ಹಿಂದಿದ್ದ ದೊಡ್ಡತಾಯಮ್ಮ ಇದು ತನಗೇ ಹೇಳಿದ್ದು ಎಂದು ಮುಖ ತಿರುಗಿಸಿದಳು. ಅವಳ ಹಿಂದಿನವರೂ ತಮಗೇ ಅಂದುಕೊಂಡರು. ಡೈರಿಯ ಕಾರ್ಯದರ್ಶಿ ರುದ್ರಯ್ಯ ಲ್ಯಾಕ್ಟೋಮೀಟರ್ ಒರೆಸಿದ. ಹಾಲಿನಲ್ಲಿ ನೀರಿದ್ದರೆ ಆ ಗಾಜಿನ ಕಡ್ಡಿ ಹೆಚ್ಚು ಮುಳುಗುತ್ತದೆ.

ಮನೆಗೆ ಬಂದ ಕುಮಾರ್ ಸಿ.ಡಿ.ಯನ್ನು ಕವರಿನೊಳಗೆ ತುರುಕಿದ.

“ಆ ಸಾಲು ತೆಗ್ಸಿಬುಡ್ತೀನಿ ಕಣಮ್ಮಿ. ಚಾನೆಲ್‌ಗೆ ಬ್ಯಾರೆ ಆಡಿ ಕೊಡ್ತೀವಿ.”

“ನಿಂಗೆ ಇಷ್ಟ ಆಗಿತ್ತಲ್ಲಣ್ಣ.”

“ಊರ್ಗೆ ಇಷ್ಟ ಆಗ್ನಿಲ್ವಲ್ಲ.”

ಆಶಾಗೆ ಊಟ ಸೇರಲಿಲ್ಲ. ಡೈರಿಯ ಸುದ್ದಿ ಅಜ್ಜಿಗೂ ಮುಟ್ಟಿತ್ತು.

ಬೆಳಿಗ್ಗೆ ಅಜ್ಜಿ ಹಾಲು ಕರೆದು ಕ್ಯಾನಿಗೆ ಬಗ್ಗಿಸಿದಳು. ಎಂದಿನಂತೆ ಚೊಂಬಿಗೆ ನಲ್ಲಿ ನೀರು ಬಿಟ್ಟು ಕುಲುಕಿದಳು. ಕ್ಯಾನಿನ ಕಡೆ ಚಾಚಿದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬೆಕ್ಕಿನ ತಟ್ಟೆಯ ಕಡೆ ತಿರುಗಿತು.

“ಏನಮ್ಮಿ ಅಂಗ್ ನೋಡ್ತೀಯ? ಬೆಕ್ಕಿಗೂ ಒಟ್ಟೆ ಇಲ್ವಾ?”

ಡೈರಿಯಲ್ಲಿ ರುದ್ರಯ್ಯ ಚೆನ್ನಯ್ಯನ ಹಾಲಿಗೆ ಮೀಟರ್ ಬಿಟ್ಟ. ಕಡ್ಡಿ ಮೇಲಕ್ಕೆದ್ದು ನಿಂತಿತು. ದೊಡ್ಡತಾಯಮ್ಮನ ಹಾಲಿನಲ್ಲೂ ಹಾಗೆಯೇ. ಅವಳ ಹಿಂದಿನವರದರಲ್ಲೂ, ಆಶಾಳದರಲ್ಲೂ ಹಾಗೆಯೇ. ರುದ್ರಯ್ಯ ಮೀಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಬರೀ ನೀರಿಗೆ ಬಿಟ್ಟ. ಅದು ಆಳಕ್ಕೆ ಮುಳುಗಿತು.

“ಮೀಟ್ರು ಸರ್ಯಾಗೇ ಐತೆ,” ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚೆನ್ನಯ್ಯ ಅತ್ತ ರಸ್ತೆಯ ಕಡೆ ನೋಡುತ್ತಿದ್ದ. ಅವನ ಬೆರಳು ಮಾತ್ರ ಖಾಲಿ ಕ್ಯಾನಿನ ಮೇಲೆ ಬಡಿಯುತ್ತಿತ್ತು. ಟಕ್ ಟಕ್ಕ, ಟಕ್ ಟಕ್ಕ. ಆ ತಾಳ ಯಾವುದೆಂದು ಆಶಾಗೆ ತಕ್ಷಣ ತಿಳಿಯಿತು.

ಮನೆಯಲ್ಲಿ ಕುಮಾರ್ ಬಸ್ಸಿಗೆ ಹೊರಟು ನಿಂತಿದ್ದ. ಡೈರಿಯಲ್ಲಿ ಹಾಡಿನ ಬಗ್ಗೆ ಏನಂದರು ಎಂದು ಕೇಳಿದ.

“ಯಾರೂ ಏನೂ ಅನ್ನಿಲ್ಲ,” ಎಂದಳು ಆಶಾ. ಬೆಕ್ಕು ಇನ್ನೂ ತಟ್ಟೆ ನೆಕ್ಕುತ್ತಿತ್ತು.

“ಆ ಸಾಲು ತೆಗೀಬ್ಯಾಡ ಕಣಣ್ಣ.”