ಗಿಡದಲ್ಲೇ ಮಾಗಿದ್ದು

ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅವಳ ನಾಲಿಗೆ ಮಾತ್ರ ಎಚ್ಚರವಾಗಿತ್ತು.

ಆಸ್ಪತ್ರೆಯ ಅಡುಗೆಮನೆಯ ಉದ್ದನೆಯ ಸ್ಟೀಲ್ ಮೇಜಿನ ಮೇಲೆ ಎರಡು ತಟ್ಟೆಗಳು. ಒಂದರಲ್ಲಿ ಊರಂಚಿನ ಹೆಂಗಸರು ಮಣ್ಣಿನಲ್ಲಿ ಬೆಳೆದ ಟೊಮೆಟೊ, ಇನ್ನೊಂದರಲ್ಲಿ ಮಣ್ಣಿಲ್ಲದೆ, ಪೈಪಿನಲ್ಲಿ ಹರಿಯುವ ಗೊಬ್ಬರದ ನೀರಿನಲ್ಲಿ ಬೆಳೆದದ್ದು. ಯಾವುದು ರುಚಿಯೋ ಅದನ್ನೇ ಇನ್ನು ಮುಂದೆ ರೋಗಿಗಳಿಗೆ ಕೊಳ್ಳುವುದೆಂದು ಅಡುಗೆಮನೆಯ ಮೇಲ್ವಿಚಾರಕಿ ಹೇಳಿಬಿಟ್ಟಿದ್ದರು. ಆಸ್ಪತ್ರೆ ಕೈಬಿಟ್ಟರೆ ಆ ಹೆಂಗಸರ ಬೆಳೆಯನ್ನು ಇಷ್ಟು ಪ್ರಮಾಣದಲ್ಲಿ ಕೇಳುವವರಿರಲಿಲ್ಲ.

ಅವರ ಪರವಾಗಿ ರುಚಿ ನೋಡಲು ಬಂದವಳು ಮಾರುಕಟ್ಟೆಯಲ್ಲಿ ಅವರ ತರಕಾರಿ ಮಾರುವವಳು. ಬೆಳೆಯುವ ಹೆಂಗಸರಲ್ಲಿ ಅವಳ ಚಿಕ್ಕಮ್ಮನೂ ಒಬ್ಬಳು. ಬಾಯಿಯೂ ಜೋರು, ನಾಲಿಗೆಯೂ ಚುರುಕು. ಮಾರುಕಟ್ಟೆ ಅವಳನ್ನು ಗಟ್ಟಿಗಿತ್ತಿ ಎಂದೇ ಕರೆಯುತ್ತಿತ್ತು.

ಮೊದಲ ತುಂಡು ಬಾಯಿಗಿಟ್ಟಳು. ಹುಳಿ ನೀರು.

"ಇದು ಪೈಪಿಂದು. ಒದ್ದೆ ಬಟ್ಟೆ ಅಗಿದ ಹಾಗಿದೆ."

ಎರಡನೆಯದು... ಹಲ್ಲಿಗೆ ಸಿಕ್ಕ ಕೂಡಲೇ ಸಿಹಿ, ಅದರ ಬೆನ್ನಿಗೇ ಸಣ್ಣ ಹುಳಿ, ಕೊನೆಗೆ ಎಲೆ ತಿಕ್ಕಿದಾಗ ಬರುವ ಆ ಘಾಟು. ಚಿಕ್ಕಮ್ಮನ ತೋಟದ ಬದುವಿನ ಹಣ್ಣು! ಕಣ್ಣು ಕಟ್ಟಿದರೇನು, ಹುಟ್ಟಿದಾಗಿನಿಂದ ತಿಂದ ರುಚಿ.

"ಇದು ನಮ್ಮದು."

ಯಾರೋ ನಕ್ಕರು. ಅವಳು ಬಟ್ಟೆ ಕಿತ್ತೆಸೆದಳು. ಮೇಲ್ವಿಚಾರಕಿ ಎರಡನೆಯ ತಟ್ಟೆ ಎತ್ತಿ ಅಡಿಯ ಚೀಟಿ ತೋರಿಸಿದರು. ನೀರಿನದು.

"ಬೆಳೆದವರು ಇವರೇ," ಎಂದು ಅವರು ಬಾಗಿಲ ಬಳಿ ನಿಂತಿದ್ದವನತ್ತ ಕೈ ತೋರಿದರು.



ಅವನು... ದಿನಾ ಸಂಜೆ ಅವಳ ಅಂಗಡಿಗೆ ಬಂದು ಅರ್ಧ ಕೆಜಿ ಟೊಮೆಟೊ ಕೇಳುವವನು! ಏನು ಕೆಲಸವೆಂದು ಎಂದೂ ಹೇಳದವನು. ಪಕ್ಕದ ಅಂಗಡಿಯವರು "ನಿನ್ನ ಅರ್ಧ ಕೆಜಿ ಬಂತು ನೋಡೇ" ಎಂದು ಚುಡಾಯಿಸಿದಾಗ ಅವಳ ಕಿವಿ ಬಿಸಿಯಾಗುತ್ತಿತ್ತು. ಬದುವಿನ ಗಿಡದಲ್ಲೇ ಮಾಗಿದ ಹಣ್ಣನ್ನು ಆರಿಸಿ, ಗೋಣಿಯಡಿ ಮುಚ್ಚಿಟ್ಟು, ಅವನೊಬ್ಬನಿಗೇ ಕೊಡುತ್ತಿದ್ದಳು.

ಅದೇ ಹಣ್ಣು. ಈಗ ಅವನ ತಟ್ಟೆಯಲ್ಲಿ!

'ನಾನು ಪ್ರೀತಿಯಿಂದ ಕೊಟ್ಟದ್ದನ್ನೇ ನನ್ನವರ ಕುತ್ತಿಗೆಗೆ ಕತ್ತಿಯಾಗಿ ಹಿಡಿದನಲ್ಲ...'

"ಇವನು ಕಳ್ಳ ಮೇಡಂ. ನನ್ನ ಅಂಗಡಿ ಹಣ್ಣನ್ನೇ ತಂದು ತನ್ನದು ಅಂತಿದಾನೆ."

ಅವನ ಮುಖ ಬಿಳಿಚಿತು. "ಇಲ್ಲ" ಎಂದಷ್ಟೇ ಅಂದ.

ಮೇಲ್ವಿಚಾರಕಿ ಇಬ್ಬರನ್ನೂ ನೋಡಿದರು. "ನಿನ್ನ ಮಾತಿಗೆ ಮಾರ್ಕೆಟ್‌ನಲ್ಲಿ ಬೆಲೆ ಇದೆ ಅಂತ ಗೊತ್ತು. ನಾಳೆ ಬಂದು ಈ ಮಾತು ವಾಪಸ್ ತಗೊಳ್ಳದಿದ್ರೆ ಅವರು ಮತ್ತೆ ಈ ಬಾಗಿಲು ದಾಟೋ ಹಾಗಿಲ್ಲ. ಯೋಚನೆ ಮಾಡ್ಕೊಂಡು ಬಾ."

ಹೊರಗೆ ಅವನು ಅಡ್ಡ ನಿಂತ.

"ನನ್ನ ಶೆಡ್ಡಿಗೆ ಬನ್ನಿ. ನಿಮ್ಮ ಕೈಯಾರೆ ಕಿತ್ತು ತಿನ್ನಿ. ಆಮೇಲೆ ಕಳ್ಳ ಅನ್ನಿ."

"ಬರ್ತೀನಿ. ನಿನ್ನ ಬಂಡವಾಳ ಬಯಲು ಮಾಡೋಕೇ ಬರ್ತೀನಿ." ಇಷ್ಟು ದಿನದ 'ನೀವು' ಅವಳ ಬಾಯಿಂದ ಉದುರಿಹೋಗಿತ್ತು.

ಶೆಡ್ಡಿನೊಳಗೆ ಬಿಳಿ ಪೈಪುಗಳು, ಪಂಪಿನ ಗುಂಯ್‌ಗುಟ್ಟುವಿಕೆ, ಮುದುಕಿಯ ಕೂದಲಿನಂತೆ ನೀರಿನಲ್ಲಿ ತೇಲುವ ಬೇರು. ಮಣ್ಣಿನ ಒಂದು ಚೂರೂ ಇಲ್ಲ. ಅವನು ತೋರಿಸಿದ ಗಿಡ ಬಿಟ್ಟು ಮೂಲೆಯದಕ್ಕೆ ಕೈ ಹಾಕಿದಳು. ಕಚ್ಚಿದಳು.

ಸಿಹಿ. ಸಣ್ಣ ಹುಳಿ. ಎಲೆಯ ಘಾಟು...

ಕಚ್ಚಿದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೇಗೆ?"

"ಮೊದಲು ನನ್ನ ಹಣ್ಣು ಬರೀ ನೀರಾಗಿತ್ತು. ಒಂದಿನ ನಿಮ್ಮಲ್ಲಿ ತಿಂದೆ. ಆ ರುಚಿ ಹಿಡೀಬೇಕು ಅಂತ ದಿನಾ ಒಯ್ದೆ. ಕೆಂಪಾಗೋಕೆ ಶುರುವಾದಾಗ ನೀರಲ್ಲಿ ಉಪ್ಪಿನಂಶ ಸ್ವಲ್ಪ ಏರಿಸ್ತೀನಿ. ಗಿಡಕ್ಕೆ ನೀರು ಎಳೆಯೋದು ಕಷ್ಟ ಆಗುತ್ತೆ. ಹಣ್ಣು ಊದಲ್ಲ, ಸಿಹಿ ಗಟ್ಟಿಯಾಗುತ್ತೆ. ಪೂರ್ತಿ ಮಾಗೋ ತನಕ ಕೀಳಲ್ಲ."

ಚಿಕ್ಕಮ್ಮನ ಬದುವಿಗೂ ನೀರು ಏರುವುದಿಲ್ಲ. ಬಾಯಾರಿದ ಗಿಡದ ಹಣ್ಣು ಅದು.

"ನಿಮ್ಮ ತಟ್ಟೇಲಿದ್ದದ್ದು ಯಾಕೆ ಹಾಗಿತ್ತು?" ಅವನು ಮೆಲ್ಲಗೆ ಕೇಳಿದ.

ಯಾಕೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲಾರಿಯವನು ಹಸಿರು ಕಾಯಿ ಕೇಳುತ್ತಾನೆ, ದಾರಿಯಲ್ಲಿ ಜಜ್ಜಬಾರದಲ್ಲ. ಹೆಂಗಸರು ಎಳೆಯದನ್ನೇ ಕಿತ್ತು ಕೊಡುತ್ತಾರೆ. ಅದು ಗೋದಾಮಿನಲ್ಲಿ ಬಣ್ಣ ತಿರುಗುತ್ತದೆ, ರುಚಿ ತಿರುಗುವುದಿಲ್ಲ. ಲಾರಿಯವನ ಅನುಕೂಲಕ್ಕೆ ಮಣ್ಣಿಗೆ ಕೆಟ್ಟ ಹೆಸರು. ಮಾಗಿದ ನಾಲ್ಕು ಹಣ್ಣು ಮನಸ್ಸಿಗೆ ಹಿಡಿಸಿದವನಿಗೆ, ಹುಳಿ ನೀರು ಕಾಯಿಲೆ ಬಿದ್ದು ಮಲಗಿದವರಿಗೆ. ಇದರಲ್ಲಿ ಅವಳ ಪಾಲೂ ಇತ್ತು.

"ನೀರಲ್ಲಿ ಬೆಳೆಯೋನು ಅಂತ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೊಡ್ತಿದ್ರಾ?"

"ತಕ್ಕಡಿ ಎಸೀತಿದ್ದೆ."

"ಅದಕ್ಕೇ."

ನಗು ಬಂತು. ನುಂಗಿಕೊಂಡು ಹೊರಗೆ ನಡೆದಳು.

ಮನೆಯಲ್ಲಿ ಚಿಕ್ಕಮ್ಮ ಎಲ್ಲ ಕೇಳಿ ಈಳಿಗೆಮಣೆ ಪಕ್ಕಕ್ಕೆ ತಳ್ಳಿದಳು. ತಾಯಿಲ್ಲದ ಅವಳನ್ನು ಸಾಕಿದ ಕೈ ಅದು.

"ನೀನೇನೂ ಹೇಳ್ಬೇಡ. ಸುಮ್ನೆ ನಿಂತ್ಕೋ ಸಾಕು. ಅವನಿಗೇನು, ಇನ್ನೊಂದು ಕಡೆ ಮಾರ್ಕೋತಾನೆ. ನಮ್ಮ ಒಲೆಗಳ ಗತಿ?"

"ಅವನು ಕದ್ದಿಲ್ಲ ಚಿಕ್ಕಮ್ಮ."

"ಕದ್ದಿದಾನೆ. ನಿನ್ನನ್ನ ಕದ್ದಿದಾನೆ. ಅದು ನನಗೆ ಕಾಣ್ತಿದೆ."

ಅವಳು ಈಳಿಗೆಮಣೆ ತನ್ನತ್ತ ಎಳೆದುಕೊಂಡು ಹೆಚ್ಚತೊಡಗಿದಳು. 'ನನ್ನವರ ಅನ್ನ ಉಳಿಸೋಕೆ ಒಬ್ಬನ ಮಾನ ತೆಗೀಲಾ? ನಾಳೆ ಲಾರಿಯವನು ಸುಳ್ಳು ತೂಕ ಹಾಕಿದಾಗ ಯಾವ ಬಾಯಲ್ಲಿ ಬೈಲಿ?'

ಬೆಳಿಗ್ಗೆ ಅಡುಗೆಮನೆಯಲ್ಲಿ ಮತ್ತೆ ಎಲ್ಲರೂ, ಈ ಸಲ ಚಿಕ್ಕಮ್ಮನೂ. ಅವನು ನೆಲ ನೋಡುತ್ತ ನಿಂತಿದ್ದ.

"ಹೇಳಮ್ಮ," ಎಂದರು ಮೇಲ್ವಿಚಾರಕಿ.

"ಅವರು ಕದ್ದಿಲ್ಲ. ಅವರ ಗಿಡದಿಂದ ನಾನೇ ಕಿತ್ತು ತಿಂದೆ. ನಾನಾಡಿದ್ದು ತಪ್ಪು ಮಾತು. ಎಲ್ಲರ ಮುಂದೆ ಆಡಿದ್ದೆ, ಎಲ್ಲರ ಮುಂದೆ ವಾಪಸ್ ತಗೋತೀನಿ."

ಚಿಕ್ಕಮ್ಮ ದಢದಢನೆ ಹೊರಗೆ ನಡೆದಳು. ಆ ಸದ್ದು ಅವಳ ಬೆನ್ನಿಗೆ ಬಿದ್ದಂತಾಯಿತು.

"ಹಾಗಾದ್ರೆ ಟೊಮೆಟೊ ಅವರದ್ದೇ."

"ಸರಿ ಮೇಡಂ. ಆದ್ರೆ ಮಣ್ಣು ಸೋತಿಲ್ಲ. ಕಾಯಿಯನ್ನ ಹಣ್ಣು ಅಂತ ಮಾರೋ ಲಾರಿ ಸೋತಿದೆ. ನಾವು ಮಾಗಿಸಿ, ಬುಟ್ಟೀಲಿ ನೇರ ಇಲ್ಲಿಗೇ ತರ್ತೀವಿ. ಆಗ ಮತ್ತೆ ಕಣ್ಣು ಕಟ್ಟಿ."

"ನನ್ನ ಪಾಲಕ್ ಸೊಪ್ಪು ಇನ್ನೂ ಸಪ್ಪೆ ಮೇಡಂ," ಎಂದ ಅವನು, ತಲೆಯೆತ್ತಿ. "ಸೊಪ್ಪು ಅವರ ಹತ್ರಾನೇ ತಗೊಳ್ಳಿ."

"ಅವನೇನೂ ದಾನ ಮಾಡೋದು ಬೇಡ," ಎಂದು ಅವಳು ಸಿಡುಕಿದಳು. "ಅದನ್ನೂ ತಿಂದೇ ನೋಡಿ."

ತಿಂದು ನೋಡಿದರು. ಸೊಪ್ಪು ಹೆಂಗಸರಿಗೆ ಉಳಿಯಿತು. ಟೊಮೆಟೊ ಹೋಯಿತು. ಬುಟ್ಟಿ ಹಣ್ಣನ್ನೂ ಒಮ್ಮೆ ನೋಡೋಣ ಎಂದರು ಮೇಲ್ವಿಚಾರಕಿ. ಅರ್ಧ ಸೋಲು, ಅರ್ಧ ಜಗಳ ಬಾಕಿ.

ಮೆಟ್ಟಿಲ ಬಳಿ ಅವನು ಅವಳನ್ನು ಸೇರಿಕೊಂಡ.

"ಸುಮ್ನಿದ್ದಿದ್ರೆ ಗೆಲ್ತಿದ್ರಿ."

"ಹಾಗೆ ಗೆದ್ದಿದ್ರೆ ನಿದ್ದೆ ಬರ್ತಿರ್ಲಿಲ್ಲ." ಅವಳು ನಿಂತಳು. "ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಹಣ್ಣಿಗಾಗೇ ಬರ್ತಿದ್ದೆಯಾ?"

"ಮೊದಮೊದಲು." ಅವನು ಮೆಟ್ಟಿಲ ಕಂಬಿ ಹಿಡಿದ. "ರುಚಿ ಯಾವತ್ತೋ ಸಿಕ್ಕಿಬಿಟ್ಟಿತ್ತು. ಆಮೇಲೂ ಬರ್ತಿದ್ದೆ... ನೀನು ತೂಗೋವಾಗ ಮುಖ ಗಂಟಿಕ್ಕೋದು ನೋಡೋಕೆ. ನೀನಿಲ್ಲದ ದಿನ ವಾಪಸ್ ಹೋಗ್ತಿದ್ದೆ. ಕೊಳ್ಳದೆ."

ಅವನ ಬಾಯಲ್ಲಿ ಮೊದಲ ಸಲ 'ನೀನು'. ಅವಳ ಕಣ್ಣು ತುಂಬಿತು.

"ಚಿಕ್ಕಮ್ಮ ಮನೇಲಿ ಕೆಂಡವಾಗಿ ಕೂತಿರ್ತಾಳೆ. ಬಂದು ಇದನ್ನ ಅವಳ ಮುಂದೆ ಹೇಳು."

"ಈಗಲೇ? ಈಳಿಗೆಮಣೆ ಎತ್ತಿದ್ರೆ?"

"ನಾನಿದೀನಲ್ಲ."

ಅವನು ಅಂಗಿಯ ತೋಳು ಸರಿಮಾಡಿಕೊಂಡು, ಹೆದರಿದ ಮಗುವಿನಂತೆ ಅವಳ ಹಿಂದೆ ಹೆಜ್ಜೆಯಿಟ್ಟ.

ಅವಳು ತಿರುಗಿ ಕೈ ಚಾಚಿದಳು.

"ಹಿಂದೆ ಅಲ್ಲ. ಪಕ್ಕದಲ್ಲಿ ಬಾ."