ಕಾಕಾನ ಅಂಗಿ

“ಅಂಗಿ ಕೊಡೂದಿಲ್ಲ, ಅಜ್ಜಾ. ಕಾಕಾ ಬಂದು ಕೇಳಿದ್ರ ಏನ್ ಹೇಳ್ಲಿ?”

ಶಿವಕಾಂತಾ ತನ್ನ ಕಾಕಾ ಶಿವರಾಜನ ಅಂಗಿಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಆತು ನಿಂತಿದ್ದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಅಳುವಿನಿಂದಲ್ಲ, ಸಿಟ್ಟಿನಿಂದ.

ಕಾಕಾ ಮಿಲಿಟರಿಯ ಜೆಟ್ ವಿಮಾನ ಹಾರಿಸುತ್ತಿದ್ದ. ಇಡೀ ಭಾಲ್ಕಿಯಲ್ಲಿ ಅಂಥವನು ಅವನೊಬ್ಬನೇ. ಹೋದ ವಾರ ಸಮುದ್ರದ ಮೇಲೆ ಹಾರುತ್ತಿದ್ದಾಗ ಆ ಜೆಟ್ ಕೆಟ್ಟು ನೀರಿಗೆ ಬಿತ್ತು. ಎಷ್ಟು ಹುಡುಕಿದರೂ ಕಾಕಾ ಸಿಗಲಿಲ್ಲ, ಬದುಕಿರುವುದು ಸಾಧ್ಯವೇ ಇಲ್ಲ ಎಂದು ಸಾಹೇಬರೊಬ್ಬರು ಮನೆಗೆ ಬಂದು ಹೇಳಿ ಹೋದರು. ಸಮುದ್ರವನ್ನು ಕಣ್ಣಿಂದ ಕಂಡಿರದ ದೊಡ್ಡವರೆಲ್ಲ ಸುಮ್ಮನೆ ತಲೆಯಾಡಿಸಿಬಿಟ್ಟರು. ಅದೇ ಅವಳ ಮೈ ಉರಿಸಿದ್ದು.

ಈಗ ಅಜ್ಜ ಮಲ್ಲಿಕಾರ್ಜುನಪ್ಪ ಹೊಲದಲ್ಲಿ ಕುಣಿ ತೋಡಿಸಿದ್ದ. ಹೆಣ ಸಿಗದಿದ್ದರೆ ಅಂಗಿಯನ್ನಾದರೂ ಇಟ್ಟು ಎಲ್ಲರೂ ಮಣ್ಣು ಕೊಡೋಣ ಎನ್ನುತ್ತಿದ್ದ.

ಮಣ್ಣು ಕೊಟ್ಟರೆ ಕಾಕಾ ಸತ್ತಂತೆಯೇ. ಶಿವಕಾಂತಾ ಅಂಗಿಯೊಡನೆ ಓಟ ಕಿತ್ತಳು.

ಓಣಿಯ ತಿರುವಿನಲ್ಲಿ ಮಹಮೂದಾ ಎದುರಾದಳು. ಇಬ್ಬರೂ ಒಂದೇ ತರಗತಿಯವರು. ಅವಳು ಮೆಲ್ಲಗೆ, “ನಿಮ್ಮ ಕಾಕಾಗ ಮಣ್ಣ ಕೊಟ್ರೇನ?” ಎಂದಳು.

ಇವಳೂ ಅದನ್ನೇ ಕೇಳಬೇಕೆ? ಶಿವಕಾಂತಾ ಅವಳನ್ನು ಜೋರಾಗಿ ನೂಕಿದಳು. ಮಹಮೂದಾ ಬಿದ್ದಳು, ಮೊಣಕೈ ತರಚಿತು. ಆದರೂ ಅವಳು ಅಳಲಿಲ್ಲ, ತಿರುಗಿ ಹೊಡೆಯಲೂ ಇಲ್ಲ.

“ನಮ್ಮ ಅಬ್ಬಾಗ ಯಾರೂ ಕೊಟ್ಟಿಲ್ಲ,” ಎಂದಳು. “ನಾ ಸಣ್ಣಾಕಿ ಇದ್ದಾಗ, ನಲವತ್ತೆಂಟರಾಗ ಮಿಲಿಟರಿ ಬಂದ ಪೊಲೀಸ್ ಆ್ಯಕ್ಷನ್ ಗದ್ದಲದಾಗ ಹೊರಗ ಹೋದವ್ರು ಬರಲೇ ಇಲ್ಲ. ಅಮ್ಮಿ ಇನ್ನೂ ಕಾಯ್ತಾಳ. ನಾಯಿ ಒದರಿದ್ರೂ ಎದ್ದು ಹೋಗಿ ನೋಡ್ತಾಳ.”

ಶಿವಕಾಂತಾಗೆ ತಮ್ಮ ಮನೆಯ ಹೊಸ್ತಿಲು ಕಣ್ಣ ಮುಂದೆ ಬಂತು. ಸುದ್ದಿ ಬಂದಾಗಿನಿಂದ ಅವಳ ಅಜ್ಜಿ ಕಸ್ತೂರಿಬಾಯಿಯೂ ಹೊಸ್ತಿಲು ಬಿಟ್ಟು ಎದ್ದಿರಲಿಲ್ಲ. ಅತ್ತೂ ಇರಲಿಲ್ಲ. ದಾರಿ ನೋಡುತ್ತ ಕೂತೇ ಇದ್ದಳು.

ಮಹಮೂದಾಳನ್ನು ಎಬ್ಬಿಸಿ, ಅವಳ ಕೈಗೆ ಹತ್ತಿದ ಧೂಳು ಒರೆಸಿ, ಶಿವಕಾಂತಾ ಮನೆಗೆ ತಿರುಗಿದಳು.

ಅಜ್ಜಿಯನ್ನೂ ಎಬ್ಬಿಸಿಕೊಂಡು ಎಲ್ಲರೂ ಹೊಲಕ್ಕೆ ಬಂದರು. ಅಲ್ಲಿ ಶಿವಕಾಂತಾಳೇ ಅಂಗಿ ಮಡಚಿ ಅಜ್ಜನ ಕೈಗಿಟ್ಟಳು. ಸಿಟ್ಟೇನೂ ಇಳಿದಿರಲಿಲ್ಲ. ಸಮುದ್ರದ ಮೇಲೆ, ಆ ಹಾಳು ಜೆಟ್ ಮೇಲೆ, ಹುಡುಕುವುದನ್ನು ಬಿಟ್ಟವರ ಮೇಲೆ ಅದು ಹಾಗೆಯೇ ಕುದಿಯುತ್ತಿತ್ತು.

ಒಬ್ಬೊಬ್ಬರೇ ಹಿಡಿ ಮಣ್ಣು ಕೊಟ್ಟರು. ಅಜ್ಜಿಯ ಸರದಿ ಬಂದಾಗ ಅವಳ ಮುಷ್ಟಿ ಬಿಚ್ಚಲೇ ಇಲ್ಲ. ಅಜ್ಜ ಎಷ್ಟು ಹೇಳಿದರೂ ಅವಳು ಮಣ್ಣನ್ನು ಹಿಡಿದು ನಿಂತೇ ಇದ್ದಳು.

ಶಿವಕಾಂತಾ ಹತ್ತಿರ ಹೋಗಿ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಕೊಡು, ಆಯೀ. ನಾನೂ ಕೊಡ್ತೇನಿ.”

ಇಬ್ಬರ ಮಣ್ಣೂ ಅಂಗಿಯ ಮೇಲೆ ಬಿತ್ತು. ಆಗ ಅಜ್ಜಿ ಮೊದಲ ಸಲ ದನಿ ತೆಗೆದು ಅತ್ತಳು. ಶಿವಕಾಂತಾ ಅವಳ ಕೈ ಬಿಡಲಿಲ್ಲ.